ಪದ ಪರಿಚಯ: ಸ್ಯಾಟಲೈಟ್ ‘ಲೈವ್’

ಭೀಮಾ ನದಿಗೆ ನೀರು ಬಂತೆಂದರೆ ಸಾಕು, ಕಲಬುರಗಿ, ಯಾದಗಿರಿಯ ವಾಟ್ಸಾಪ್ ಗುಂಪುಗಳಲ್ಲಿ ಗೂಗಲ್ ಅರ್ಥ್‌ನ ಸ್ಕ್ರೀನ್‌ಶಾಟ್ ಓಡಾಡುತ್ತದೆ. ಕೆಳಗೆ ‘ಸ್ಯಾಟಲೈಟ್ ಲೈವ್, ಈಗಿನ ಪರಿಸ್ಥಿತಿ’ ಎಂಬ ಒಕ್ಕಣೆ. ಚಿತ್ರದಲ್ಲಿ ನೋಡಿದರೆ ನದಿಯ ನಡುವೆ ಮರಳಿನ ದಿಬ್ಬ, ಒಣಗಿದ ಬಂಡೆ. ಪ್ರವಾಹ ಎಲ್ಲಿದೆ ಮತ್ತೆ?

ಲೈವ್ ಎಂದರೇನು ಅಂತ ಕ್ರಿಕೆಟ್ ನೋಡುವವರಿಗೆಲ್ಲ ಗೊತ್ತು. ಪಕ್ಕದಲ್ಲಿ ಸ್ಯಾಟಲೈಟ್ ಬಂದ ಕೂಡಲೇ ಯಾಕೆ ಮರೆಯುತ್ತದೋ! ಗೂಗಲ್ ಅರ್ಥ್‌ನಲ್ಲಿರುವುದು ತೆಗೆದಿಟ್ಟ ಫೋಟೊ. ಎಷ್ಟೋ ಕಡೆ ಒಂದರಿಂದ ಮೂರು ವರ್ಷ ಹಳೆಯದು. ಅದೂ ಒಂದೇ ದಿನದ್ದಲ್ಲ, ಬೇರೆ ಬೇರೆ ದಿನಗಳ ತುಂಡುಗಳನ್ನು ಕೌದಿ ಥರ ಜೋಡಿಸಿದ್ದು. ತೊಗರಿ ಹೊಲಗಳ ಮೇಲೆ ನಿಧಾನವಾಗಿ ಸರಿಯುತ್ತ ಹೋಗಿ. ಎಲ್ಲೋ ಒಂದು ಕಡೆ ನೇರ ಗೆರೆ ಸಿಗುತ್ತದೆ. ಈಚೆ ಹಸಿರು, ಆಚೆ ಬರೀ ಕರಿಮಣ್ಣು. ಗೆರೆ ಬದುವಿನ ಮೇಲಿಲ್ಲ, ಹೊಲದ ನಟ್ಟನಡುವೆ ಹಾದಿದೆ. ಒಂದು ತುಂಡು ನವೆಂಬರಿನದು, ಇನ್ನೊಂದು ಬೇಸಿಗೆಯದು, ಅಷ್ಟೇ.

ಹತ್ತಿರದಿಂದಲೂ ಕಾಣಬೇಕು, ಸದಾ ಕಾಣಬೇಕು ಎಂದರೆ ಒಂದೇ ಉಪಗ್ರಹದಿಂದ ಆಗುವುದಿಲ್ಲ. ಮನೆ, ಮರ ಬಿಡಿಬಿಡಿಯಾಗಿ ತೋರಿಸುವ ಉಪಗ್ರಹಗಳು ಕೆಳಗೇ ಸುತ್ತುತ್ತವೆ. 2019ರಲ್ಲಿ ಹಾರಿದ ನಮ್ಮ ಕಾರ್ಟೊಸ್ಯಾಟ್-3 ಸುಮಾರು 500 ಕಿ.ಮೀ. ಎತ್ತರದಲ್ಲಿದೆ. ಇಂಥವು ಒಂದೂವರೆ ಗಂಟೆಗೆ ಭೂಮಿಯನ್ನೇ ಒಂದು ಸುತ್ತು ಹಾಕುತ್ತವೆ, ಬೀದರ್ ಮೇಲೆ ನಿಂತು ಕಾಯುವುದಿಲ್ಲ. ಸದಾ ನಮ್ಮ ಕಡೆಗೇ ನೋಡುವ ಇನ್ಸ್ಯಾಟ್ ಹವಾಮಾನ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಅದಕ್ಕೆ ಮೋಡ ಕಾಣುತ್ತದೆ, ನಿಮ್ಮ ಓಣಿ ಕಾಣುವುದಿಲ್ಲ. ಇನ್ನು ಪ್ರವಾಹದ ದಿನ ಆಕಾಶದ ತುಂಬ ಮೋಡ ಇರುತ್ತದಲ್ವಾ? ಮಾಮೂಲಿ ಕ್ಯಾಮೆರಾಕ್ಕೆ ಮೋಡದ ಕೆಳಗಿನದು ಸಿಗದು. ಅದಕ್ಕೆ ರೇಡಾರ್ ಉಪಗ್ರಹವೇ ಬೇಕು. ಅದರ ಚಿತ್ರದಲ್ಲಿ ನಿಂತ ನೀರು ಕಪ್ಪಗೆ ಕಾಣುತ್ತದೆ, ಫಾರ್ವರ್ಡ್ ಮಾಡುವಷ್ಟು ಚೆಂದ ಇರುವುದಿಲ್ಲ.

ನಾವಿರುವ ಜಾಗ ತೋರಿಸುವ ಮ್ಯಾಪಿನ ನೀಲಿ ಚುಕ್ಕೆಯಿಂದಲೂ ಗೊಂದಲ ಆಗಿದೆ. ಚುಕ್ಕೆ ಈಗಿನದು, ಕೆಳಗಿನ ಫೋಟೊ ಹಳೆಯದು. ಟ್ರಾಫಿಕ್‌ನ ಕೆಂಪು ಗೆರೆಯೂ ಈಗಿನದೇ, ಆದರೆ ಅದನ್ನು ಹೇಳುವುದು ರಸ್ತೆಯಲ್ಲಿರುವವರ ಫೋನುಗಳು.

ಕಂಪ್ಯೂಟರಿನ ಗೂಗಲ್ ಅರ್ಥ್‌ನಲ್ಲಿ ಚಿತ್ರದ ತಾರೀಖು ಕೆಳಗೇ ಬರೆದಿರುತ್ತದೆ. ನೋಡುವವರು ಯಾರು! ಹಳೆಯ ಚಿತ್ರಗಳನ್ನೂ ಅಲ್ಲೇ ತೆರೆಯಬಹುದು. ಕಲಬುರಗಿ ವಿಮಾನ ನಿಲ್ದಾಣ ಇರುವ ಶ್ರೀನಿವಾಸ ಸರಡಗಿ ಊರನ್ನು ಹುಡುಕಿ, ಹಿಂದಕ್ಕೆ ಸರಿಸುತ್ತ ಹೋಗಿ. 2019ರ ನವೆಂಬರಿನಲ್ಲಿ ವಿಮಾನ ಸಂಚಾರ ಶುರುವಾದ ಜಾಗ ಹೊಲವಾಗುವ ತನಕ ಹೋಗಬಹುದು. ಸುಳ್ಳು ಲೈವ್‌ಗಿಂತ ಇದರಲ್ಲಿ ಮಜಾ ಜಾಸ್ತಿ.

ಊರಲ್ಲಿ ಇನ್ನೊಂದು ಶುರುವಾಗಿದೆ. ‘ಸ್ಯಾಟಲೈಟ್‌ನ್ಯಾಗ ಲೈವ್ ಕಾಣಲತ್ತದ, ನಿಮ್ಮ ಬೇಲಿ ನಮ್ಮ ಹೊಲದಾಗ ಬಂದದ ನೋಡ್ರಿ’ ಅಂತ ಫೋನ್ ಹಿಡಿದು ಜಗಳ. ಫೋಟೊವನ್ನು ನಕ್ಷೆಯ ಮೇಲೆ ಕೂರಿಸುವಾಗ ಕೆಲವು ಮೀಟರ್ ಆಚೀಚೆ ಆಗುವುದುಂಟು. ಬದುವಿನ ಅಗಲವೇ ಅಷ್ಟಿರುವುದಿಲ್ಲ. ತಕರಾರಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೇಯರ್ ಬಂದು ಅಳೆದು ಕೊಡುತ್ತಾರೆ.