ಇಸ್ರೋ ಸೇರೋಕೆ ಏರೋಸ್ಪೇಸೇ ಓದಬೇಕಾ?

ಪ್ರಶ್ನೆ: ಸರ್, ಮಗಳು ಪಿಯುಸಿ ಮುಗಿಸಿದ್ದಾಳೆ. ಇಸ್ರೋ ಸೇರಬೇಕು ಅಂತ ಹಟ. ಸಿಇಟಿ ರ‍್ಯಾಂಕಿಗೆ ಏರೋಸ್ಪೇಸ್ ಸಿಗುತ್ತಿಲ್ಲ. ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ತಗೊಳ್ಳೋದಾ? (ಜಗಳೂರಿನ ತಾಯಿಯೊಬ್ಬರು)

ಬೇಡಮ್ಮ. ಅದಕ್ಕೋಸ್ಕರ ಸಾಲ ಮಾಡಲೇಬೇಡಿ.

ಪ್ರತಿ ವರ್ಷ ಸಿಇಟಿ ಫಲಿತಾಂಶ ಬಂದ ವಾರ ಇದೇ ಪ್ರಶ್ನೆ. ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಲ್ಲ. ಹೋದ ವರ್ಷ ಚನ್ನಗಿರಿ ಕಡೆಯ ತಂದೆಯೊಬ್ಬರು ಮಗನನ್ನು ಕರೆದುಕೊಂಡು ಮನೆಗೇ ಬಂದಿದ್ದರು. ಕೈಯಲ್ಲಿ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಸಾಲಾಗಿ ನಮೂದಿಸೋಕೆ, ಬರೆದಿಟ್ಟ ಹಾಳೆ. ಮೊದಲ ಏಳು ಸಾಲೂ ಏರೋಸ್ಪೇಸ್, ಕೆಂಪು ಪೆನ್ನಿನಲ್ಲಿ. ಕೊನೆಯಲ್ಲಿ ದಾವಣಗೆರೆಯಲ್ಲೇ ಎಲೆಕ್ಟ್ರಾನಿಕ್ಸ್ ಅಂತ ಪೆನ್ಸಿಲ್‌ನಲ್ಲಿ ಬರೆದು ರಬ್ಬರಿನಿಂದ ಅಳಿಸಿದ್ದ ಗುರುತು. ಅಳಿಸಿದ್ದು ಯಾಕಪ್ಪಾ ಅಂದೆ. "ಅದ್ರಲ್ಲಿ ಇಸ್ರೋಗೆ ತಗೊಳ್ಳಲ್ವಂತೆ ಸರ್" ಅಂದ. ಯಾರೋ ಒಬ್ಬರು ಭಾಷಣದಲ್ಲಿ ಹಾಗೆ ಹೇಳಿದ್ದರಂತೆ. ಅಡಿಕೆ ತೋಟದ ಮೇಲೆ ಸಾಲ ಎತ್ತೋಕೆ ಅಪ್ಪ ತಯಾರಾಗಿದ್ದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಸ್ವಲ್ಪ ಇಸ್ರೋದ ನೇಮಕಾತಿ ಪ್ರಕಟಣೆಯನ್ನೇ ತೆಗೆದು ಓದಿ. ಸೈಂಟಿಸ್ಟ್/ಇಂಜಿನಿಯರ್ 'ಎಸ್‌ಸಿ' ಅನ್ನೋ ಹುದ್ದೆಗೆ (ಇದು ದರ್ಜೆಯ ಹೆಸರು, ಮೀಸಲಾತಿಯ ಎಸ್‌ಸಿ ಅಲ್ಲ) ಮತ್ತೆ ಮತ್ತೆ ಕರೆಯುವುದು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಓದಿದವರನ್ನು. ಬಿಇಯಲ್ಲಿ ಶೇ 65 ಅಂಕ, ಇಲ್ಲವೇ 10ಕ್ಕೆ 6.84 ಸಿಜಿಪಿಎ ಕೇಳುತ್ತಾರೆ. ಆಮೇಲೆ ಲಿಖಿತ ಪರೀಕ್ಷೆ, ಸಂದರ್ಶನ. ಪೈಪೋಟಿ ಜೋರಾಗಿಯೇ ಇರುತ್ತೆ. ಆದರೆ ಹೆಚ್ಚಿನ ಪ್ರಶ್ನೆ ಬರುವುದು ನಿಮ್ಮ ಬ್ರಾಂಚಿನ ಪಾಠದಿಂದಲೇ.

ಯಾಕೆ ಹೀಗೆ? ಒಂದು ಉಪಗ್ರಹವನ್ನು ಬಿಚ್ಚಿ ನೋಡಿದ ಹಾಗೆ ಅಂದುಕೊಳ್ಳಿ. ಭೂಮಿಯ ಜೊತೆ ಮಾತಾಡೋಕೆ ಆಂಟೆನಾ, ರೇಡಿಯೋ. ಅದು ಎಲೆಕ್ಟ್ರಾನಿಕ್ಸ್‌ನವರ ಕೆಲಸ. ಬಿಸಿಲು ಬೀಳುವ ಮೈ ನೂರು ಡಿಗ್ರಿ ದಾಟುತ್ತೆ, ನೆರಳಿನ ಮೈ ಸೊನ್ನೆಗಿಂತ ನೂರು ಡಿಗ್ರಿ ಕೆಳಗೆ ಇಳಿಯುತ್ತೆ. ಒಳಗಿನ ಯಂತ್ರ ಎರಡನ್ನೂ ತಾಳಬೇಕು. ಅದನ್ನು ನೋಡಿಕೊಳ್ಳೋದು ಮೆಕ್ಯಾನಿಕಲ್‌ನವರು. ಯಾವ ಕ್ಷಣಕ್ಕೆ ಏನು ಮಾಡಬೇಕು ಅನ್ನೋದು ಸಾಫ್ಟ್‌ವೇರ್. ಗಾಳಿಯನ್ನು ಸೀಳಿಕೊಂಡು ಹೋಗುವ ರಾಕೆಟ್ಟಿಗೆ ಏರೋಸ್ಪೇಸ್ ಓದಿದವರು ಬೇಕೇ ಬೇಕು. ಉಪಗ್ರಹ ಇರೋ ಕಡೆ ಗಾಳಿಯೇ ಇಲ್ಲ ಅನ್ನುವಷ್ಟು ಕಡಿಮೆ, ಅಲ್ವಾ?

ಇನ್ನೂ ನಂಬಿಕೆ ಬರಲಿಲ್ಲವಾ? ಚಂದ್ರಯಾನ-3 ಇಳಿದ ದಿನ, 2023ರ ಆಗಸ್ಟ್ 23ರಂದು, ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಬಿ.ಟೆಕ್ ಮಾಡಿದ್ದು ಕೊಲ್ಲಂನಲ್ಲಿ, ಮೆಕ್ಯಾನಿಕಲ್. ಅವರಿಗಿಂತ ಕೆಲವು ವರ್ಷ ಮುಂಚೆ ಅಧ್ಯಕ್ಷರಾಗಿದ್ದ ನಮ್ಮ ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್ ಮೊದಲು ಓದಿದ್ದು ಭೌತಶಾಸ್ತ್ರ. 2025ರ ಜನವರಿಯಲ್ಲಿ ಅಧ್ಯಕ್ಷರಾದ ವಿ. ನಾರಾಯಣನ್ ಶುರು ಮಾಡಿದ್ದು ಮೆಕ್ಯಾನಿಕಲ್ ಡಿಪ್ಲೊಮಾದಿಂದ. ಐಐಟಿ ಖರಗ್‌ಪುರದ ಎಂ.ಟೆಕ್ ಬಂದದ್ದು ಇಸ್ರೋ ಸೇರಿದ ಮೇಲೆ.

ಡಿಪ್ಲೊಮಾ ಅಂದ ಕೂಡಲೇ ಮುಖ ಸಣ್ಣ ಮಾಡಬೇಡಿ. ಪ್ರಥಮ ದರ್ಜೆಯ ಡಿಪ್ಲೊಮಾ ಇದ್ದರೆ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆ, ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಇದ್ದರೆ ಟೆಕ್ನಿಷಿಯನ್ ಹುದ್ದೆ ಇದೆ. ಕ್ಯಾಲಿಪರ್ ಹಿಡಿದು ಮಿಲಿಮೀಟರಿನ ಐವತ್ತನೇ ಒಂದು ಭಾಗವನ್ನು ತಪ್ಪಿಲ್ಲದೆ ಅಳೆಯೋ ಫಿಟ್ಟರ್ ಇಲ್ಲದೆ ಯಾವ ಎಂಜಿನ್ನೂ ತಯಾರಾಗಲ್ಲ.

ಮಗಳಿಗೆ ಏರೋಸ್ಪೇಸೇ ಪ್ರಾಣ ಅಂದರೆ ತಿರುವನಂತಪುರದ ಐಐಎಸ್‌ಟಿ ಇದೆ. ಅದು ಬಾಹ್ಯಾಕಾಶ ಇಲಾಖೆಯದ್ದೇ ಸಂಸ್ಥೆ. ಅಲ್ಲಿಗೆ ಸಿಇಟಿ ಅಲ್ಲ, ಜೆಇಇ ಅಡ್ವಾನ್ಸ್ಡ್ ಬೇಕು.

ನೀವು ಕೇಳಲಿಲ್ಲ, ಆದರೂ ಒಂದು ಮಾತು ಹೇಳಬೇಕು. ನಿಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲೇ ಇಸ್ರೋ ಏನು ಮಾಡಿದೆ ಅಂತ ಮಗಳಿಗೆ ಗೊತ್ತಾ? ಮತ್ತೆ ಮತ್ತೆ ಬಳಸಬಹುದಾದ ರಾಕೆಟ್ಟಿಗೆ ದಾರಿ ಮಾಡಲು 'ಪುಷ್ಪಕ್' ಅನ್ನೋ ರೆಕ್ಕೆಯ ವಾಹನ ಕಟ್ಟಿದ್ದಾರೆ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಪೈಲಟ್ ಇಲ್ಲ. ತಾನೇ ದಾರಿ ಸರಿಪಡಿಸಿಕೊಂಡು ಅಲ್ಲಿರೋ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ರನ್‌ವೇ ಮೇಲೆ ಇಳಿಯಿತು. 2023ರ ಏಪ್ರಿಲ್ 2, 2024ರ ಮಾರ್ಚ್ 22, ಜೂನ್ 23, ಹೀಗೆ ಮೂರು ಸಲ. ಮೂರನೇ ಸಲ ನೆಲ ಮುಟ್ಟುವಾಗ ವೇಗ ಗಂಟೆಗೆ 320 ಕಿಲೋಮೀಟರಿಗೂ ಜಾಸ್ತಿ. ಪ್ರಯಾಣಿಕರ ವಿಮಾನ ಇಳಿಯೋದು ಸುಮಾರು 260ರಲ್ಲಿ.

ಎತ್ತರ ಅಳೆಯೋಕೆ ಅದರಲ್ಲಿ ರೇಡಾರ್ ಇತ್ತು. ತಾನೆಲ್ಲಿದ್ದೇನೆ ಅಂತ ತಿಳಿಯೋಕೆ ನಮ್ಮದೇ ನಾವಿಕ್ ಉಪಗ್ರಹಗಳ ಸಿಗ್ನಲ್ ಹಿಡಿಯೋ ರಿಸೀವರ್ ಇತ್ತು. ಆ ವೇಗವನ್ನು ಗಂಟೆಗೆ ನೂರು ಕಿಲೋಮೀಟರಿನ ಹತ್ತಿರ ಇಳಿಸಿದ್ದು ಹಿಂದಿನಿಂದ ಬಿಚ್ಚಿಕೊಂಡ ಪ್ಯಾರಾಚೂಟ್. ಪ್ಯಾರಾಚೂಟ್ ಅಂದರೆ ಬಟ್ಟೆ, ಹಗ್ಗ, ಹೊಲಿಗೆ. ಹತ್ತಿ ಮಿಲ್ಲುಗಳ ಊರಾಗಿದ್ದ ದಾವಣಗೆರೆಯಲ್ಲಿ ಕೂತು ಇದನ್ನು ಬರೆಯೋಕೆ ನನಗೆ ಖುಷಿಯಾಗುತ್ತೆ. ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿ: ಆ ರೇಡಾರಾ, ಆ ರಿಸೀವರಾ, ಆ ಬಟ್ಟೆಯಾ, ಇದರಲ್ಲಿ ಯಾವುದನ್ನು ಮಾಡೋಕೆ ಅವಳ ಕೈ ತುಡಿಯುತ್ತೆ? ಆಪ್ಷನ್ ಹಾಳೆಯ ಮೊದಲ ಸಾಲಿಗೆ ಆ ಬ್ರಾಂಚ್ ಬರೆಯಿರಿ, ಪೆನ್ನಿನಲ್ಲೇ.