ಗೋಡೆಗೂ ಒಂದು ಪಕ್ಷ

ಎರಡು ಬಗೆಯ ಪ್ಲಾಸ್ಟಿಕ್ ಕರಗಿಸಿ ಬೆರೆಸಿ ನೋಡಿ, ಬಹುತೇಕ ಎಣ್ಣೆ-ಸೀಗೆಕಾಯಿ ಸಂಬಂಧವೇ. 1940ರ ದಶಕದ ಆರಂಭದಲ್ಲಿ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗಿನ್ಸ್ ಹಾಕಿದ ಲೆಕ್ಕದಲ್ಲಿ ಇದಕ್ಕೆ ಕಾರಣವಿದೆ. ಸಣ್ಣ ಅಣುಗಳು ಬೆರೆತಾಗ ಎಂಟ್ರೊಪಿ, ಅಂದರೆ ಅಸ್ತವ್ಯಸ್ತತೆ, ಹೆಚ್ಚುತ್ತದೆ. ಅಣು ಅಣುಗಳ ನಡುವಿನ ಸಣ್ಣಪುಟ್ಟ ಮುನಿಸು ಅದರಲ್ಲಿ ಮುಚ್ಚಿಹೋಗುತ್ತದೆ. ಪ್ಲಾಸ್ಟಿಕ್‌ನ ಅಣುಗಳೋ ಪಾಲಿಮರ್ ಎಂಬ ಉದ್ದನೆಯ ಸರಪಳಿಗಳು. ಅವಕ್ಕೆ ಆ ಲಾಭ ತೀರಾ ಕಡಿಮೆ, ಮುನಿಸು ಮಾತ್ರ ಕೊಂಡಿಕೊಂಡಿಗೂ ಸೇರುತ್ತಾ ಹೋಗುತ್ತದೆ.

ಬೇರ್ಪಡುವ ಬಗೆಯನ್ನು 1961ರಲ್ಲಿ ಜಾನ್ ಕಾನ್ ವಿವರಿಸಿದರು: ಮಿಶ್ರಣದೊಳಗೆ ಸಾಂದ್ರತೆಯ ಅಲೆಗಳೇಳುತ್ತವೆ, ದಿಕ್ಕುದೆಸೆಯಿಲ್ಲದೆ. ಆ ಲೆಕ್ಕದಲ್ಲಿ ಪಾತ್ರೆಗೆ ಗೋಡೆಯೇ ಇರಲಿಲ್ಲ. ಎರಡರಲ್ಲೊಂದರ ಪಕ್ಷ ವಹಿಸುವ ಗೋಡೆಯನ್ನು 1977ರಲ್ಲಿ ಮುನ್ನೆಲೆಗೆ ತಂದವರೂ ಅವರೇ. ಆದರೂ ಬೇರ್ಪಡುತ್ತಿರುವಾಗಲೇ ಗೋಡೆ ಏನು ಮಾಡುತ್ತದೆಂದು ಕಣ್ಣಾರೆ ಕಾಣಲು 1991ರವರೆಗೆ ಕಾಯಬೇಕಾಯಿತು.

ರಿಚರ್ಡ್ ಜೋನ್ಸ್, ಎಡ್ವರ್ಡ್ ಕ್ರೇಮರ್ ಮತ್ತು ಸಂಗಡಿಗರು ಆರಿಸಿಕೊಂಡ ಜೋಡಿ ಸೊಗಸಾಗಿತ್ತು. ಎರಡೂ ಒಂದೇ ಪಾಲಿಮರ್. ಒಂದರಲ್ಲಿ ಹೈಡ್ರೋಜನ್ ಜಾಗದಲ್ಲಿ ಅದರದೇ ಭಾರದ ರೂಪವಾದ ಡ್ಯೂಟೀರಿಯಂ, ಅಷ್ಟೇ. ಅಷ್ಟಕ್ಕೇ ಜಗಳ! ಆ ಡ್ಯೂಟೀರಿಯಂ ಗುರುತಿನ ಚೀಟಿಯೂ ಆಯಿತು. ಮಿಶ್ರಣದ ತೆಳು ಪದರಕ್ಕೆ ಹೀಲಿಯಂ ಅಯಾನುಗಳನ್ನು ಹೊಡೆದರೆ ಹೈಡ್ರೋಜನ್, ಡ್ಯೂಟೀರಿಯಂ ಎರಡೂ ಚಿಮ್ಮಿ ಬರುತ್ತವೆ. ಅವುಗಳ ಶಕ್ತಿ ಅಳೆದರೆ ಯಾವ ಆಳದಲ್ಲಿ ಯಾವುದೆಷ್ಟಿದೆ ಎಂದು ತಿಳಿಯುತ್ತದೆ. ಕಂಡದ್ದು ಪದರ ಪದರವಾದ ರಚನೆ. ಇಲ್ಲಿ ಗೋಡೆಯ ಪಾತ್ರ ವಹಿಸಿದ ಮೇಲ್ಮೈ ತನಗೆ ಬೇಕಾದ್ದನ್ನು ಎಳೆದುಕೊಂಡಿತ್ತು, ಅದರ ಕೆಳಗೆ ಅದೇ ಪದಾರ್ಥದ ಬರ, ಮತ್ತೆ ಸಮೃದ್ಧಿ. ಒಳಗೆ ಹೋದಂತೆ ಅಲೆ ಕ್ಷೀಣಿಸಿ, ಹಳೆಯ ಗೊಂದಲ. ದಿಕ್ಕಿಲ್ಲದ ಅಲೆಗಳಿಗೆ ಮೇಲ್ಮೈ ದಿಕ್ಕು ಕೊಟ್ಟಿತ್ತು.

ಮರುವರ್ಷವೇ ದೆಹಲಿಯ ಜೆಎನ್‌ಯುನ ಸಂಜಯ್ ಪುರಿ ಮತ್ತು ಜರ್ಮನಿಯ ಕುರ್ಟ್ ಬಿಂಡರ್ ಇದಕ್ಕೊಂದು ಗಣಿತದ ಮಾದರಿ ಕಟ್ಟಿದರು. ಉಪಯೋಗ ಹುಡುಕಿದವರೂ ಇದ್ದರು. ಜರ್ಮನಿಯ ಕಾನ್ಸ್ಟಾನ್ಸ್‌ನ ಸಂಶೋಧಕರು 1998ರಲ್ಲಿ ತಳದ ಮೇಲೆ ಮೊದಲೇ ವಿನ್ಯಾಸ ಬರೆದಿಟ್ಟು, ಪಾಲಿಮರ್‌ಗಳು ಅದೇ ಗೆರೆಯಂತೆ ಪಾಲಾಗುವ ಹಾಗೆ ಮಾಡಿದರು. ರಂಗೋಲಿಗೆ ಚುಕ್ಕಿ ಇಟ್ಟುಕೊಟ್ಟಂತೆ. ಮುಂದಿನ ವರ್ಷ, ಗಾಜಿನ ಮೇಲೆ ಬೇರ್ಪಟ್ಟ ಪದರದಿಂದ ಒಂದು ಪಾಲಿಮರನ್ನು ತೊಳೆದು ತೆಗೆದು, ಉಳಿದ ರಂಧ್ರಮಯ ಪೊರೆಯಿಂದ ಗಾಜಿನ ಪ್ರತಿಫಲನ ತಗ್ಗಿಸಿದರು.

ಪಾಲಿಮರ್ ಅಲ್ಲದ ಸಾದಾ ದ್ರವಗಳಲ್ಲೂ ಗೋಡೆಯ ಕೈವಾಡ ಹೀಗೆಯೇ. ಪುರಿಯವರ ಶಿಷ್ಯ, ಈಗ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿರುವ ಸುಬೀರ್ ದಾಸ್ ಮತ್ತು ಜೊತೆಗಾರರು 2006ರಲ್ಲಿ ಎರಡು ಗೋಡೆಗಳ ನಡುವಿನ ತೆಳು ಪದರವನ್ನು ಕಂಪ್ಯೂಟರಿನಲ್ಲಿ ಅಣು ಅಣುವಾಗಿ ನಡೆಸಿ ನೋಡಿದರು. ಬೆರೆಸಿದ್ದು ಸಮಪಾಲು. ಗೋಡೆಗಳೆರಡೂ ತಮಗೆ ಪ್ರಿಯವಾದುದನ್ನು ಮೊದಲೇ ಸೆಳೆದುಕೊಂಡವು. ನಡುವೆ ಅದರದೇ ಬರ.