ಓದುಗರ ಪ್ರಶ್ನೆ: ಹಂದಿಜ್ವರ ಬಂದ ಮೇಲೆ ಈಶಾನ್ಯದಲ್ಲಿ ಹಂದಿಮಾಂಸ ದುಬಾರಿಯಾದದ್ದೇಕೆ?

ಅಸ್ಸಾಂ, ಮಿಜೋರಾಂಗಳಲ್ಲಿ ರೋಗದಿಂದ ಹಂದಿಗಳು ಸಾಯುತ್ತಿದ್ದರೂ ಮಾಂಸದ ಬೆಲೆ ಏರಿದ್ದು ಹೇಗೆ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. 2019ರ ಜಾನುವಾರು ಗಣತಿಯಂತೆ ದೇಶದ ಸುಮಾರು 90 ಲಕ್ಷ ಹಂದಿಗಳಲ್ಲಿ ಸುಮಾರು 21 ಲಕ್ಷ ಅಸ್ಸಾಮೊಂದರಲ್ಲೇ ಇದ್ದವು. 2020ರಲ್ಲಿ ಆಫ್ರಿಕನ್ ಹಂದಿಜ್ವರ ಭಾರತದಲ್ಲಿ ಮೊದಲು ಪತ್ತೆಯಾದದ್ದೂ ಅಸ್ಸಾಂ ಮತ್ತು ಅರುಣಾಚಲದಲ್ಲಿ. ತಾಯಿಹಂದಿ ಸತ್ತರೆ ಮುಂದಿನ ಮರಿಗಳೂ ಇಲ್ಲ. ಹೊಸ ಹೆಣ್ಣುಹಂದಿ ಬೆಳೆದು, ಗಬ್ಬವಾಗಿ, 114 ದಿನ ಹೊತ್ತು ಈದು, ಆ ಮರಿಗಳು ಮಾರುವ ತೂಕಕ್ಕೆ ಬರಲು ವರ್ಷಕ್ಕೂ ಹೆಚ್ಚು ಕಾಲ ಬೇಕು. ಹಂದಿಮಾಂಸ ನಿತ್ಯದ ಊಟವಾಗಿರುವ ಸೀಮೆಯಲ್ಲಿ ಬೇಡಿಕೆ ಅಷ್ಟು ದಿನ ಕಾಯುವುದಿಲ್ಲ.

ಈ ಪ್ರಶ್ನೆಯ ಹಿಂದೆ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕುಳಿತಿದೆ: ಈ ಜ್ವರ ಮನುಷ್ಯರಿಗೂ ತಗಲುತ್ತದೆ, ಆದ್ದರಿಂದ ಜನ ಮಾಂಸ ಬಿಟ್ಟು ಬೆಲೆ ಕುಸಿಯಬೇಕಿತ್ತು ಎಂಬುದು. ಎಷ್ಟು ಸಲ ಬರೆದರೂ ಇದು ಅಳಿಯದಿರುವುದು ಬೇಸರದ ಸಂಗತಿ. ಗೊಂದಲ ಹೆಸರಿನಿಂದ ಬಂದದ್ದು: 2009ರಲ್ಲಿ ಜಗತ್ತನ್ನೆಲ್ಲ ಕಾಡಿದ, ಹಂದಿಜ್ವರವೆಂದೇ ಜನ ಕರೆದ ಎಚ್1ಎನ್1 ಇನ್‌ಫ್ಲುಯೆಂಜಾ ವೈರಸ್ಸಾಗಿದ್ದು, ಮನುಷ್ಯರಿಂದ ಮನುಷ್ಯರಿಗೆ ಉಸಿರಿನ ಮೂಲಕ ಹರಡಿತು. ಆಫ್ರಿಕನ್ ಹಂದಿಜ್ವರದ ವೈರಸ್ಸು ಸಂಪೂರ್ಣ ಬೇರೆ ಕುಟುಂಬದ್ದು. ಹಂದಿ ಮತ್ತು ಕಾಡುಹಂದಿಗಳನ್ನು ಕೊಲ್ಲುವ ಅದು, ಕೀನ್ಯಾದಿಂದ 1921ರಲ್ಲಿ ಮೊದಲು ವರದಿಯಾದಂದಿನಿಂದ ಇಂದಿನವರೆಗೆ ಒಬ್ಬ ಮನುಷ್ಯನಿಗೂ ಅಂಟಿದ ದಾಖಲೆಯಿಲ್ಲ. ಈ ವದಂತಿಯ ಪೆಟ್ಟು ಬೀಳುವುದು ರೋಗವೇ ಇಲ್ಲದ ಊರಿನ ಸಾಕಣೆದಾರರ ಮೇಲೆ. ಕೊಳ್ಳುವವರು ಹಿಂಜರಿಯುವ ಮುನ್ನವೇ ಮಾರಿಬಿಡೋಣವೆಂದು ಅವರು ಸಿಕ್ಕ ಬೆಲೆಗೆ ಹಂದಿಗಳನ್ನು ಸಾಗಿಸುತ್ತಾರೆ. ಆ ಸಾಗಣೆಯಲ್ಲಿ ಸೋಂಕಿನ ಒಂದು ಹಂದಿಯಿದ್ದರೂ ಸಾಕು, ರೋಗ ಮುಂದಿನ ಊರಿಗೆ ತಲುಪುತ್ತದೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಏರಿದ ಬೆಲೆಯ ಲಾಭ ಯಾರಿಗೆ? ಕೊಟ್ಟಿಗೆ ಬರಿದಾದವರಿಗಂತೂ ಅಲ್ಲ. ಸರ್ಕಾರದ ಪರಿಹಾರವು ಸೋಂಕು ತಡೆಯಲು ಅಧಿಕಾರಿಗಳೇ ಕೊಲ್ಲಿಸಿದ ಹಂದಿಗಳಿಗೆ ದೊರೆಯುತ್ತದೆಯೇ ಹೊರತು, ಅದಕ್ಕೆ ಮೊದಲೇ ರೋಗದಿಂದ ಸತ್ತವುಗಳಿಗಲ್ಲ. ಹೀಗಾಗಿ ಮೊದಲು ನಷ್ಟ ಕಂಡವರ ಕೈ ಖಾಲಿಯಾಗಿಯೇ ಉಳಿಯುತ್ತದೆ. ಸಾಲ ಮಾಡಿ ಮತ್ತೆ ಮರಿ ತಂದರೂ, ಹಂದಿ ಸಾಕಣೆಯ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಮೇವಿನದೇ ಆದ್ದರಿಂದ, ಹಿತ್ತಿಲಲ್ಲಿ ಎರಡು ಮೂರು ಹಂದಿ ಸಾಕುವವರು ಮನೆ ಮತ್ತು ಹೋಟೆಲುಗಳ ಮುಸುರೆಯನ್ನೇ ನೆಚ್ಚುತ್ತಾರೆ. ಅದರಲ್ಲಿ ಸೋಂಕಿನ ಮಾಂಸದ ಚೂರಿದ್ದರೆ ವೈರಸ್ಸೂ ಇರುತ್ತದೆ. ಚೆನ್ನಾಗಿ ಕುದಿಸಿದರೆ ಮಾತ್ರ ಅದು ಸಾಯುತ್ತದೆ. ಸೌದೆಗೂ ಹಣವಿಲ್ಲದ ಮನೆಯಲ್ಲಿ ಆ ಕುದಿಸುವ ಕೆಲಸವೇ ಮೊದಲು ನಿಲ್ಲುತ್ತದೆ.